ತೀರ್ಪು ಬರುವಷ್ಟರಲ್ಲಿ ಅವಧಿಯೇ ಮುಗಿದರೆ?

ಮತ ಎಣಿಕೆಯ ಗದ್ದಲ ಅಡಗಿ, ಗೆದ್ದವರ ಮೆರವಣಿಗೆಯ ಗುಲಾಲು ಬೀದಿಯಿಂದ ಅಳಿಸಿಹೋದ ಮೇಲೂ ಕೆಲವು ಕ್ಷೇತ್ರಗಳಲ್ಲಿ ಗೆದ್ದವರು ಯಾರೆಂಬ ಪ್ರಶ್ನೆ ಉಳಿದೇ ಇರುತ್ತದೆ. 2023ರ ಮೇ ತಿಂಗಳಲ್ಲಿ ಕೋಲಾರ ಜಿಲ್ಲೆಯ ಮಾಲೂರಿನಲ್ಲಿ ಕಾಂಗ್ರೆಸ್ಸಿನ ಕೆ.ವೈ. ನಂಜೇಗೌಡರು ಬಿಜೆಪಿಯ ಮಂಜುನಾಥಗೌಡರನ್ನು 248 ಮತಗಳಿಂದ ಸೋಲಿಸಿದರು. ಆ ಆಯ್ಕೆಯನ್ನು ರದ್ದುಪಡಿಸಿ ಮರುಎಣಿಕೆಗೆ ಹೈಕೋರ್ಟ್ ಆದೇಶಿಸಿದ್ದು 2025ರ ಸೆಪ್ಟೆಂಬರಿನಲ್ಲಿ. ಮರುತಿಂಗಳು ಸುಪ್ರೀಂ ಕೋರ್ಟ್ ರದ್ದತಿಗೆ ತಡೆ ನೀಡಿತು. ಮರುಎಣಿಕೆ ನಡೆಯಲಿ, ಆದರೆ ಅದರ ಫಲಿತಾಂಶವನ್ನು ತನ್ನ ಅನುಮತಿಯಿಲ್ಲದೆ ಪ್ರಕಟಿಸಬಾರದು ಎಂದಿತು. ಐದು ವರ್ಷದ ಅವಧಿಯ ಅರ್ಧ ಭಾಗ ಹೀಗೆ ಕಳೆದುಹೋಯಿತು.

ಕಾನೂನು ಈ ವಿಷಯದಲ್ಲಿ ಅಸ್ಪಷ್ಟವಾಗಿಲ್ಲ. ಸಂವಿಧಾನದ 329ನೆಯ ವಿಧಿಯ ಪ್ರಕಾರ ಚುನಾವಣೆಯನ್ನು ಚುನಾವಣಾ ತಕರಾರು ಅರ್ಜಿಯ ಮೂಲಕವಲ್ಲದೆ ಬೇರಾವ ರೀತಿಯಲ್ಲೂ ಪ್ರಶ್ನಿಸುವಂತಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆ ಆ ಅಧಿಕಾರವನ್ನು ಸೋತ ಅಭ್ಯರ್ಥಿಗೆ ಮಾತ್ರವಲ್ಲ, ಆ ಕ್ಷೇತ್ರದ ಯಾವುದೇ ಮತದಾರನಿಗೂ ಕೊಟ್ಟಿದೆ. ಫಲಿತಾಂಶ ಘೋಷಣೆಯಾದ 45 ದಿನಗಳೊಳಗೆ ಹೈಕೋರ್ಟಿಗೆ ಅರ್ಜಿ ಸಲ್ಲಿಸಬೇಕು. ವಿಚಾರಣೆಯನ್ನು ಸಾಧ್ಯವಾದಷ್ಟು ಮಟ್ಟಿಗೆ ಆರು ತಿಂಗಳೊಳಗೆ ಮುಗಿಸಲು ಯತ್ನಿಸಬೇಕು ಎಂದೂ ಕಾಯ್ದೆ ಹೇಳುತ್ತದೆ. ಅರ್ಜಿದಾರ ಒಂದು ದಿನ ತಡಮಾಡಿದರೂ ಅವನ ಅರ್ಜಿ ತಿರಸ್ಕೃತವಾಗುತ್ತದೆ. ವಿಚಾರಣೆ ನಾಲ್ಕು ವರ್ಷ ತಡವಾದರೆ ಯಾರೂ ಕೇಳುವುದಿಲ್ಲ. ಇದು ಯಾವ ಬಗೆಯ ನ್ಯಾಯ?

ತುಮಕೂರು ಗ್ರಾಮಾಂತರದ ಉದಾಹರಣೆಯನ್ನೇ ನೋಡೋಣ. 2018ರಲ್ಲಿ ಅಲ್ಲಿಂದ ಗೆದ್ದ ಜೆಡಿಎಸ್‌ನ ಗೌರಿಶಂಕರ್ ಅವರ ಆಯ್ಕೆಯನ್ನು, ನಕಲಿ ವಿಮಾ ಬಾಂಡ್‌ಗಳನ್ನು ಹಂಚಿ ಮತದಾರರಿಗೆ ಆಮಿಷ ಒಡ್ಡಿದ ಪ್ರಕರಣದಲ್ಲಿ ಹೈಕೋರ್ಟ್ ಅಸಿಂಧುಗೊಳಿಸಿದ್ದು 2023ರ ಮಾರ್ಚ್ 30ರಂದು. ಮುಂದಿನ ಚುನಾವಣೆಗೆ ಆಗ ಉಳಿದಿದ್ದುದು ಆರು ವಾರ. ಹಾಸನ ಲೋಕಸಭಾ ಕ್ಷೇತ್ರದಿಂದ 2019ರಲ್ಲಿ ಗೆದ್ದ ಪ್ರಜ್ವಲ್ ರೇವಣ್ಣ ಅವರ ಆಯ್ಕೆ ರದ್ದಾದದ್ದು 2023ರ ಸೆಪ್ಟೆಂಬರ್ 1ರಂದು. ಅದೇ ತಿಂಗಳು ಸುಪ್ರೀಂ ಕೋರ್ಟಿನ ತಡೆಯಾಜ್ಞೆಯೂ ಬಂತು. ಇಂದಿರಾ ಗಾಂಧಿಯವರ 1971ರ ರಾಯ್‌ಬರೇಲಿ ಆಯ್ಕೆಯನ್ನು ಅಲಹಾಬಾದ್ ಹೈಕೋರ್ಟ್ ರದ್ದುಪಡಿಸಿದ್ದೂ 1975ರ ಜೂನ್ 12ರಂದೇ. ಪ್ರಧಾನಿಯನ್ನೂ ಕಟಕಟೆಗೆ ಕರೆಯಬಲ್ಲ ಕಾನೂನು ನಮ್ಮದೆಂದು ಹೆಮ್ಮೆಪಡೋಣ. ಆದರೆ ನಾಲ್ಕು ವರ್ಷದ ಆ ರೋಗ ಅರ್ಧ ಶತಮಾನ ಕಳೆದರೂ ವಾಸಿಯಾಗಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ನಮ್ಮ ಸಮುದಾಯ ವಿಶೇಷವಾಗಿ ಗಮನಿಸಬೇಕಾದದ್ದು ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಪ್ರಕರಣ. 2016ರಲ್ಲಿ ಕನ್ನಡಿಗರ ಈ ಗಡಿ ಕ್ಷೇತ್ರದಿಂದ ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಝಾಕ್ ಬಿಜೆಪಿಯ ಕೆ. ಸುರೇಂದ್ರನ್ ಅವರನ್ನು ಕೇವಲ 89 ಮತಗಳಿಂದ ಸೋಲಿಸಿದರು. ಸತ್ತವರ ಮತ್ತು ವಿದೇಶದಲ್ಲಿರುವವರ ಹೆಸರಿನಲ್ಲಿ ಇನ್ನೂರಕ್ಕೂ ಹೆಚ್ಚು ಮತಗಳು ಚಲಾವಣೆಯಾಗಿವೆ ಎಂದು ಸುರೇಂದ್ರನ್ ಕೇರಳ ಹೈಕೋರ್ಟಿನ ಮೆಟ್ಟಿಲೇರಿದರು. ಮನೆಮನೆಗೆ ಸಮನ್ಸ್ ಹೋಯಿತು. ಸತ್ತವರ ಪಟ್ಟಿಯಲ್ಲಿದ್ದ ಕೆಲವರು ತಾವೇ ಬಾಗಿಲಿಗೆ ಬಂದು ಸಮನ್ಸ್ ಸ್ವೀಕರಿಸಿದರೆಂದು ಆಗ ಪತ್ರಿಕೆಗಳು ವರದಿ ಮಾಡಿದವು. 2018ರ ಅಕ್ಟೋಬರಿನಲ್ಲಿ ರಝಾಕ್ ನಿಧನರಾದರು. ತನ್ನನ್ನೇ ವಿಜೇತನೆಂದು ಘೋಷಿಸಬೇಕೆಂಬ ಅರ್ಜಿ ಇತ್ಯರ್ಥವಾಗದೆ ಉಪಚುನಾವಣೆ ನಡೆಯುವಂತಿರಲಿಲ್ಲ. ಕೊನೆಗೆ, ಉಳಿದ ಸಾಕ್ಷಿಗಳನ್ನೆಲ್ಲ ಹಾಜರುಪಡಿಸುವುದು ಕಷ್ಟವೆಂದು 2019ರಲ್ಲಿ ಅರ್ಜಿಯನ್ನೇ ಹಿಂದಕ್ಕೆ ಪಡೆಯಲಾಯಿತು. ಉಪಚುನಾವಣೆ ನಡೆದದ್ದು 2019ರ ಅಕ್ಟೋಬರ್ 21ರಂದು. ಆರೋಪ ಸಾಬೀತಾಗಲಿಲ್ಲ, ಸುಳ್ಳೆಂಬ ತೀರ್ಪೂ ಬರಲಿಲ್ಲ. ಒಂದು ವರ್ಷ ಕಾಲ ಮಂಜೇಶ್ವರದ ಜನರಿಗೆ ಶಾಸಕರೇ ಇರಲಿಲ್ಲ. ಕೊಲ್ಲಿಗೆ ದುಡಿಯಲು ಹೋದವರ ಕುಟುಂಬಗಳ ಮೇಲೆ ಬಿದ್ದ ಸಂಶಯದ ನೆರಳು ಮಾತ್ರ ಹಾಗೆಯೇ ಉಳಿಯಿತು. ವಿಳಂಬದಿಂದ ಅರ್ಜಿದಾರನಿಗೂ ನ್ಯಾಯ ಸಿಗುವುದಿಲ್ಲ, ಆರೋಪ ಹೊತ್ತವನಿಗೂ ಬಿಡುಗಡೆ ಸಿಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕೇ?

ಧರ್ಮದ ಹೆಸರಿನಲ್ಲಿ ಮತ ಕೇಳುವುದನ್ನೂ ಇದೇ ಕಾಯ್ದೆಯ 123ನೆಯ ಕಲಂ ಭ್ರಷ್ಟ ಆಚರಣೆ ಎಂದು ಕರೆದಿದೆ. 1987ರ ಮುಂಬೈಯ ವಿಲೇ ಪಾರ್ಲೆ ಉಪಚುನಾವಣೆಯಲ್ಲಿ ಬಾಳ ಠಾಕ್ರೆಯವರ ಭಾಷಣಗಳ ಕಾರಣದಿಂದ ರಮೇಶ್ ಪ್ರಭು ಅವರ ಆಯ್ಕೆ ರದ್ದಾಯಿತು. ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದು 1995ರಲ್ಲಿ, ಎಂಟು ವರ್ಷಗಳ ನಂತರ. ಇದನ್ನು ನಾವು ಆಗಾಗ ಉಲ್ಲೇಖಿಸುತ್ತೇವೆ. ಆದರೆ 1972ರಲ್ಲಿ ಅದೇ ಮುಂಬೈಯ ಕುಂಬಾರವಾಡದಿಂದ ಗೆದ್ದ ಮುಸ್ಲಿಂ ಲೀಗಿನ ಝಿಯಾವುದ್ದೀನ್ ಬುಖಾರಿಯವರ ಆಯ್ಕೆಯೂ ಇದೇ ಕಲಮಿನಡಿ ರದ್ದಾಯಿತೆಂಬುದನ್ನು ಎಷ್ಟು ಮಂದಿ ನೆನಪಿಟ್ಟಿದ್ದಾರೆ? ಎದುರಾಳಿ ಚಾಗ್ಲಾ ಅವರು ನಿಜವಾದ ಮುಸ್ಲಿಮರಲ್ಲ ಎಂದು ಬುಖಾರಿಯವರು ಪ್ರಚಾರ ಮಾಡಿದ್ದರು. 1975ರಲ್ಲಿ ಸುಪ್ರೀಂ ಕೋರ್ಟ್ ಆ ರದ್ದತಿಯನ್ನು ಎತ್ತಿಹಿಡಿಯಿತು. ಕಾನೂನು ಎರಡೂ ಕಡೆ ಒಂದೇ ಆಗಿರಬೇಕೆಂದು ಬಯಸುವವರು ತಮ್ಮ ವೇದಿಕೆಯ ಭಾಷಣವನ್ನೂ ಅದೇ ತಕ್ಕಡಿಯಲ್ಲಿ ತೂಗಿ ನೋಡಬೇಕು.

ಉತ್ತರ ಕರ್ನಾಟಕದ ಜನ ದೀರ್ಘ ಹೋರಾಟದ ಬಳಿಕ ಧಾರವಾಡದಲ್ಲಿ ಹೈಕೋರ್ಟ್ ಪೀಠವನ್ನು ಪಡೆದರು. 2008ರ ಜುಲೈಯಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ನ್ಯಾಯಾಲಯ ಊರ ಬಳಿಗೆ ಬಂದರಷ್ಟೇ ಸಾಲದು, ನ್ಯಾಯವೂ ಸಕಾಲಕ್ಕೆ ಬರಬೇಕು. ಚುನಾವಣಾ ಅರ್ಜಿಗಳಿಗೆಂದೇ ನ್ಯಾಯಾಧೀಶರನ್ನು ಮೀಸಲಿಟ್ಟು, ಬೇರೆ ಹೊಣೆ ಹೊರಿಸದೆ ದಿನಂಪ್ರತಿ ವಿಚಾರಣೆ ನಡೆಸಬೇಕು. ಆರು ತಿಂಗಳ ಮಿತಿ ಬರಿಯ ಆಶಯವಾಗಿರದೆ ಕಟ್ಟಳೆಯಾಗಬೇಕು. ಮೇಲ್ಮನವಿಗೂ ಅಂಥದೇ ಗಡುವು ಬೇಕು.

ನ್ಯಾಯಾಲಯವನ್ನು ದೂಷಿಸಿ ಸುಮ್ಮನಾಗುವುದೂ ಸರಿಯಲ್ಲ. ಮತವೆಂಬುದು ಒಂದು ಸಾಕ್ಷ್ಯ. ಮನೆಯಲ್ಲಿಲ್ಲದವರ ಹೆಸರಿನಲ್ಲಿ ಮತ ಹಾಕುವುದು ಜಾಣತನವಲ್ಲ, ಅದು ಸುಳ್ಳು ಸಾಕ್ಷ್ಯ, ಕಾನೂನಿನಲ್ಲಿ ಅಪರಾಧ. ಹುಬ್ಬಳ್ಳಿಯ ಮೊಹಲ್ಲಾಗಳಿರಲಿ, ಧಾರವಾಡದ ಬಳಿಯ ಹೆಬ್ಬಳ್ಳಿಯಂಥ ಊರಿರಲಿ, ಅಂಜುಮನ್‌ಗಳೂ ಜಮಾಅತ್‌ಗಳೂ ಚುನಾವಣೆಗೆ ಮುಂಚೆಯೇ ಮತದಾರರ ಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳಲಿ. ತೀರಿಕೊಂಡವರ ಹೆಸರು ತೆಗೆಸಲು 7ನೆಯ ನಮೂನೆ ಇದೆ. ವಿದೇಶದಲ್ಲಿರುವವರು ಊರಿನ ಪಟ್ಟಿಯಲ್ಲಿ ಹೆಸರು ಸೇರಿಸಲು 6ಎ ನಮೂನೆ ಇದೆ, ಆದರೆ ಅವರು ಮತಗಟ್ಟೆಗೆ ಸ್ವತಃ ಬಂದೇ ಮತ ಹಾಕಬೇಕು. ನಮ್ಮ ಹೆಸರಿನಲ್ಲಿ ಬೇರಾರೋ ಮತ ಹಾಕಿ ಹೋಗಿದ್ದರೆ ಜಗಳವಾಡಿ ಮನೆಗೆ ಮರಳಬೇಕಾಗಿಲ್ಲ. ಗುರುತು ಸಾಬೀತುಪಡಿಸಿ ಟೆಂಡರ್ಡ್ ಮತಪತ್ರವನ್ನು ಕೇಳಿ ಪಡೆಯಬಹುದು. ಅದು ಎಣಿಕೆಗೆ ಸೇರುವುದಿಲ್ಲ, ಆದರೆ ನಾಳೆ ಪ್ರಕರಣ ಹೈಕೋರ್ಟಿಗೆ ಹೋದರೆ ಅದೇ ಪುರಾವೆಯಾಗುತ್ತದೆ. ಮತಗಟ್ಟೆಯಲ್ಲಿ ಕೂರುವ ಏಜೆಂಟರು ಚಲಾವಣೆಯಾದ ಮತಗಳ ಲೆಕ್ಕವಿರುವ 17ಸಿ ನಮೂನೆಯ ಪ್ರತಿಯನ್ನು ಪಡೆಯದೆ ಎದ್ದು ಬರಬಾರದು.

2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದ ಅಂತರದಿಂದ. ತಮ್ಮ ಒಂದು ಮತದಿಂದ ಏನಾದೀತು ಎನ್ನುವವರಿಗೆ ಅದು ಉತ್ತರ. ಒಂದು ಕಳ್ಳ ಮತದಿಂದ ಏನಾದೀತು ಎನ್ನುವವರಿಗೂ ಅದೇ ಉತ್ತರ.