ಗೋಡೆಯೊಳಗಿನ ನಾದ

ಜಯನಗರ, ಜೆ.ಪಿ. ನಗರ, ಬನಶಂಕರಿಗಳಲ್ಲಿ ಹೊಸ ಮನೆ ಕಟ್ಟಿಸುವವರೂ ಹಳೆಯ ಮನೆಯನ್ನು ನವೀಕರಿಸುವವರೂ ಪೂಜಾಗೃಹ, ಅಡಿಗೆಮನೆಗಳ ವಿಚಾರದೊಡನೆ ಈಗ ಮತ್ತೊಂದು ಪ್ರಶ್ನೆಯನ್ನು ಎತ್ತುವುದುಂಟು: ಸಂಗೀತ ಕೇಳಲು ಧ್ವನಿವರ್ಧಕಗಳನ್ನು ಗೋಡೆಯೊಳಗೇ ಹುದುಗಿಸಬಹುದೇ? ನೆಲದ ಮೇಲೆ ಪೆಟ್ಟಿಗೆಗಳಿರುವುದಿಲ್ಲ, ತಂತಿಗಳು ಕಾಲಿಗೆ ತೊಡರುವುದಿಲ್ಲ, ಕೋಣೆ ಚೊಕ್ಕಟವಾಗಿರುತ್ತದೆ ಎಂಬುದು ಅವರ ಅಭಿಪ್ರಾಯ. ಅದು ತಳ್ಳಿಹಾಕುವಂಥದಲ್ಲ. ಆದರೆ ಗೋಡೆಯನ್ನು ಕೊರೆಯುವುದು ಸುಲಭ, ಮರಳಿ ಮುಚ್ಚುವುದು ಕಷ್ಟ. ಆದ್ದರಿಂದ ಮೊದಲೇ ವಿಚಾರಮಾಡುವುದು ವಿಹಿತ.

ಈ ಸಾಧನವನ್ನು ರೂಪಿಸಿದ್ದು ಅಮೆರಿಕದಂತಹ ದೇಶಗಳ ಮನೆಗಳಿಗಾಗಿ. ಅಲ್ಲಿಯ ಒಳಗೋಡೆಗಳು ಸಾಮಾನ್ಯವಾಗಿ ಮರದ ಚೌಕಟ್ಟಿನ ಎರಡೂ ಬದಿಗೆ ಜಿಪ್ಸಂ ಹಲಗೆ ಬಡಿದಂಥವು. ನಡುವೆ ಸುಮಾರು 3½ ಅಂಗುಲ ಟೊಳ್ಳು. ನಮ್ಮವು ಇಟ್ಟಿಗೆಯ ಇಲ್ಲವೆ ಕಾಂಕ್ರೀಟ್ ಬ್ಲಾಕಿನ ಗೋಡೆಗಳು. ಹಳೆಯ ಬಡಾವಣೆಗಳ ಎಷ್ಟೋ ಮನೆಗಳಲ್ಲಿ 9 ಅಂಗುಲದ ಗೋಡೆಯೇ ತಾರಸಿಯ ಭಾರವನ್ನು ಹೊತ್ತಿರುತ್ತದೆ. ಇಂಜಿನಿಯರರನ್ನು ಕೇಳದೆ ಅದಕ್ಕೆ ಉಳಿ ಹಾಕಬಾರದು. ಗೋಡೆಯನ್ನೇ ಕಾಂಕ್ರೀಟಿನಲ್ಲಿ ಎರಕಹೊಯ್ದ ಬಹುಮಹಡಿ ಕಟ್ಟಡಗಳಲ್ಲಂತೂ ಮುಟ್ಟಲೇಬಾರದು. ಇತರ ಫ್ಲಾಟುಗಳಲ್ಲಿ ಗೋಡೆ ತೆಳು, ಅದರಾಚೆ ನೆರೆಮನೆ. ಗೋಡೆಯ ತೂಕವೇ ಸದ್ದನ್ನು ತಡೆಯುವುದರಿಂದ, ಕೊರೆದಷ್ಟೂ ಸದ್ದು ಆಚೆಗೆ ಹೋಗುತ್ತದೆ.

ಹಿಂದಿನವರು ಗೋಡೆ ಕಟ್ಟುವಾಗಲೇ ದೀಪಕ್ಕೆ ಮಾಡ ಬಿಡುತ್ತಿದ್ದರು. ಇಲ್ಲಿಯೂ ಅದೇ ಕ್ರಮ ಲೇಸು. ಕಟ್ಟುವಾಗಲೇ ಗೂಡು ಬಿಡಬೇಕು, ಇಲ್ಲವೆ ಇರುವ ಗೋಡೆಯ ಮುಂದೆ ಇನ್ನೊಂದು ತೆಳುಗೋಡೆ ನಿಲ್ಲಿಸಬೇಕು. ಧ್ವನಿವರ್ಧಕದ ಹಿಂಬದಿಗೆ ಮುಚ್ಚಿದ ಗಟ್ಟಿ ಪೆಟ್ಟಿಗೆ ಇರತಕ್ಕದ್ದು.

ಹೀಗೆ ಕೂಡಿಸಿದಾಗ ಗುಣವೂ ಇದೆ. ಹಿಂದಕ್ಕೆ ಹರಡಿಹೋಗುವ ಮಂದ್ರಧ್ವನಿ ಮುಂದಕ್ಕೇ ಬರುತ್ತದೆ. ಹಿಂದಿನ ಗೋಡೆಗೆ ಬಡಿದು ಮರಳುವ ಸದ್ದಿನ ಬಾಧೆ ಇಲ್ಲ. ಆದರೆ ಸ್ಥಾನವನ್ನು ಮುಂದೆ ಬದಲಿಸಲಾಗದು. ಎರಡು ಧ್ವನಿವರ್ಧಕಗಳೂ ಕೇಳುವವನೂ ಸಮತ್ರಿಕೋನದಲ್ಲಿರಬೇಕು. ಅವು ಕೇಳುವವನ ಕಿವಿಯ ಮಟ್ಟದಲ್ಲಿರಬೇಕು. ಕುರ್ಚಿಯಲ್ಲಿ ಕೂರುವವರಿಗೆ ಅದು ಸುಮಾರು 3ರಿಂದ 3½ ಅಡಿ. ಚಾಪೆಯ ಮೇಲೆ ಕೂರುವವರಿಗೆ ಇನ್ನೂ ಕೆಳಗೆ. ಮನೆಯವರು ಹೇಗೆ ಕುಳಿತು ಕೇಳುವರೆಂಬುದನ್ನು ಮೊದಲು ನಿರ್ಧರಿಸಬೇಕು.

ಕೋಣೆಯೂ ಒಂದು ವಾದ್ಯವೇ. 12 ಅಡಿ ಉದ್ದದ ಕೋಣೆಯಲ್ಲಿ ಸೆಕೆಂಡಿಗೆ ಸುಮಾರು 47 ಕಂಪನಗಳ ಧ್ವನಿ ತಾನಾಗಿ ಉಬ್ಬುತ್ತದೆ. ಅಗಲವೂ ಅಷ್ಟೇ ಆದರೆ ದೋಷ ಇಮ್ಮಡಿ. ನುಣುಪಾದ ನೆಲ, ಬರಿಗೋಡೆಗಳಿದ್ದಲ್ಲಿ ಗಾಯಕನ ಸೂಕ್ಷ್ಮಗಳು ಪ್ರತಿಧ್ವನಿಯಲ್ಲಿ ಕಲಸಿಹೋಗುತ್ತವೆ. ನವಲಗುಂದದ ಒಂದು ಜಮಖಾನೆ, ದಪ್ಪ ಪರದೆ, ಪುಸ್ತಕ ತುಂಬಿದ ಕಪಾಟು ಇವು ಮಾಡುವ ಉಪಕಾರವನ್ನು ಬೆಲೆಬಾಳುವ ಯಂತ್ರ ಮಾಡಲಾರದು. ಹಣವನ್ನು ಮೊದಲು ಇಲ್ಲಿ ವ್ಯಯಿಸುವುದು ವಿವೇಕ.

ಏನನ್ನು ಕೇಳುತ್ತೇವೆ ಎಂಬುದೂ ಮುಖ್ಯ. ಮಲ್ಲಿಕಾರ್ಜುನ ಮನ್ಸೂರರ (1910–1992) ಆರಂಭದ ಮುದ್ರಿಕೆಗಳು ನಿಮಿಷಕ್ಕೆ 78 ಸುತ್ತಿನ ತಟ್ಟೆಗಳಲ್ಲಿದ್ದವು. ಒಂದು ಬದಿಗೆ ಸುಮಾರು 3 ನಿಮಿಷ. ಅವು ಒಂದೇ ವಾಹಿನಿಯ ಧ್ವನಿ. ಅವನ್ನು ಕೇಳಲು ಒಂದು ಒಳ್ಳೆಯ ಧ್ವನಿವರ್ಧಕ ಸಾಕು. ತಟ್ಟೆಯಲ್ಲಿಲ್ಲದ ಸ್ವರವನ್ನು ಯಾವ ಗೋಡೆಯೂ ಸೃಷ್ಟಿಸಲಾರದು.

ಇದೆಲ್ಲಕ್ಕಿಂತ ಚಿಂತಿಸಬೇಕಾದ ಸಂಗತಿ ಇನ್ನೊಂದಿದೆ. ಕಣ್ಣಿಗೆ ಕಾಣದ ಧ್ವನಿವರ್ಧಕ ಕೋಣೆಕೋಣೆಯಲ್ಲೂ ನುಡಿಯತೊಡಗಿದರೆ, ವಚನಗಾಯನವೂ ಪಾತ್ರೆ ತೊಳೆಯುವ ಸದ್ದಿನೊಡನೆ ಬೆರೆತು ಯಾರೂ ಕೇಳದ ಹಿನ್ನೆಲೆಯಾಗುತ್ತದೆ. ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944), ಪುಟ್ಟರಾಜ ಗವಾಯಿಗಳು (1914–2010) ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಬಾಲಕರಿಗೆ ಸಂಗೀತವಿದ್ಯೆಯನ್ನು ಧಾರೆಯೆರೆದರು. ಅಲ್ಲಿ ಕಿವಿಯೇ ಕಣ್ಣಾಯಿತು, ಕೇಳುವುದೇ ಸಾಧನೆಯಾಯಿತು. ಆ ಏಕಾಗ್ರತೆಯ ಒಂದಂಶವಾದರೂ ನಮ್ಮ ಮನೆಗಳಿಗೆ ಬರಬೇಡವೇ?

ನೆರೆಯವರ ನೆಮ್ಮದಿಯೂ ಧರ್ಮವೇ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ವಿಧಿಸಿವೆ. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಗುವಿಗೆ, ನಿದ್ರೆ ಬಾರದ ವೃದ್ಧರಿಗೆ ನಮ್ಮ ಸಂಗೀತ ಉಪದ್ರವವಾದರೆ ಅದರಲ್ಲಿ ದಯೆ ಎಲ್ಲಿಯದು?

ಧ್ವನಿವರ್ಧಕ ಗೋಡೆಯೊಳಗಿರಲಿ, ಹೊರಗಿರಲಿ. ಸಂಜೆಯ ಪೂಜೆಯ ತರುವಾಯ ಅರ್ಧಗಂಟೆ ದೂರದರ್ಶನ, ದೂರವಾಣಿಗಳನ್ನು ಬದಿಗಿಟ್ಟು ಹಿರಿಯರು ಕಿರಿಯರು ಒಟ್ಟಿಗೆ ಕುಳಿತು ಒಂದು ರಾಗವನ್ನೋ ಎರಡು ವಚನಗಳನ್ನೋ ಕೇಳುವ ನಿಯಮ ಮಾಡಿಕೊಳ್ಳಲಿ. ಮನೆಗೆ ಅದಕ್ಕಿಂತ ಮಿಗಿಲಾದ ಅಲಂಕಾರವಿಲ್ಲ.