ಕೋಡಿ ಬಿದ್ದರೂ ಕ್ಯಾನ್ ತಪ್ಪಲಿಲ್ಲ

ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬೀಳಲು 2022ರ ಸೆಪ್ಟೆಂಬರ್ ಬರಬೇಕಾಯಿತು. 89 ವರ್ಷ ಕಾದಿದ್ದ ಜಿಲ್ಲೆಗೆ 2025ರ ಜನವರಿಯಲ್ಲಿ ಇನ್ನೊಮ್ಮೆ ಆ ಸಂಭ್ರಮ ಸಿಕ್ಕಿತು. ಜಲಾಶಯವಿರುವ ಮಾರಿಕಣಿವೆಗೆ ಜನ ಜಾತ್ರೆಗೆ ಬಂದಂತೆ ಬಂದರು, ಬಾಗಿನ ಅರ್ಪಣೆಯೂ ಆಯಿತು. 130 ಅಡಿ ನೀರು, 30 ಟಿಎಂಸಿ ಅಡಿ ಸಂಗ್ರಹ. ಇದೇ ಜಲಾಶಯದ ನೀರು ಕುಡಿಯಲೆಂದು ಹಿರಿಯೂರಿಗೂ ಚಿತ್ರದುರ್ಗಕ್ಕೂ ಹರಿಯುತ್ತದೆ. ಆದರೂ ಬೆಳಗಾದರೆ ಖಾಲಿ ಕ್ಯಾನ್ ಹಿಡಿದು ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ನಿಲ್ಲುವುದು ಈ ಊರುಗಳ ಜನಕ್ಕೆ ತಪ್ಪಿಲ್ಲ. ಹೊಳಲ್ಕೆರೆ, ಹೊಸದುರ್ಗದಲ್ಲೂ ಇದೇ ಕಥೆ.

ಘಟಕದ ಎದುರು ಹತ್ತು ನಿಮಿಷ ನಿಂತರೆ ಸಾಕು, ಪಾಡು ಗೊತ್ತಾಗುತ್ತದೆ. ಯಂತ್ರಕ್ಕೆ 5 ರೂಪಾಯಿ ನಾಣ್ಯವೇ ಬೇಕು. ಹಳೆಯ ದಪ್ಪ ಬಿಳಿ ನಾಣ್ಯವೋ, ಆಮೇಲೆ ಬಂದ ತೆಳು ಹಳದಿ ನಾಣ್ಯವೋ ಎಂಬುದರ ಮೇಲೆ ಅದರ ಒಪ್ಪಿಗೆ ನಿಂತಿದೆ. ಒಂದನ್ನು ನುಂಗಿ ಸುಮ್ಮನಾಗುತ್ತದೆ, ಇನ್ನೊಂದನ್ನು ಕೆಳಗಿನ ಕಂಡಿಯಿಂದ ಉಗುಳುತ್ತದೆ. ಕಾಯಿನ್ ಬಾಕ್ಸಿಗೆ ಅಂಗೈಯಿಂದ ಎರಡು ಏಟು ಬೀಳುತ್ತವೆ. ಪಕ್ಕದ ಟೀ ಅಂಗಡಿಯವನು ಫೋನ್‌ಪೇ ಮಾಡಿದರೆ ಟೀ ಕೊಡುತ್ತಾನೆ, ಚಿಲ್ಲರೆ ಮಾತ್ರ ಕೊಡುವುದಿಲ್ಲ. ಅಷ್ಟರಲ್ಲಿ ಕರೆಂಟ್ ಹೋದರೆ ಮುಗಿಯಿತು. ಎಲ್ಲ ಸರಿಹೋಗಿ ನೀರು ತುಂಬಿದ ಮೇಲೆ ಇಪ್ಪತ್ತು ಕಿಲೋ ಭಾರದ ಕ್ಯಾನನ್ನು ಸ್ಕೂಟರಿನ ಕಾಲಿಡುವ ಜಾಗಕ್ಕೆ ಎತ್ತಿಡಬೇಕು, ಮನೆ ತಲುಪಿದ ಮೇಲೆ ಮೆಟ್ಟಿಲು ಹತ್ತಿಸಬೇಕು. ಸೊಂಟ ಗಟ್ಟಿ ಇರುವವರ ಮಾತಾಯಿತು. ಒಂಟಿ ಮುದುಕಿ ಏನು ಮಾಡಬೇಕು?

ಘಟಕಗಳು ಹುಟ್ಟಿದ್ದಕ್ಕೆ ಗಟ್ಟಿ ಕಾರಣವೇ ಇತ್ತು. ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಬೇರೆ ನೀರಿಲ್ಲದ ಕಡೆಯೂ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂದು ಭಾರತೀಯ ಮಾನಕ ಹೇಳುತ್ತದೆ. ಮೀರಿದರೆ ಹಲ್ಲು ಕಂದುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆ ಬಾಗುತ್ತದೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನಷ್ಟು ಸಾಂದ್ರವಾಗುತ್ತದೆ. ಅಂಥ ಹಳ್ಳಿಗೆ ಫ್ಲೋರೈಡ್ ಸೋಸುವ ಆರ್‌ಒ (ರಿವರ್ಸ್ ಆಸ್ಮೋಸಿಸ್) ಘಟಕ ವರವೇ ಸರಿ. ಅಲ್ಲಿ ಘಟಕ ಕೆಟ್ಟು ಬಾಗಿಲು ಹಾಕಿದರೆ ಅದು ಆರೋಗ್ಯದ ಅಪರಾಧ.

ತಕರಾರು ಇರುವುದು ಪಟ್ಟಣಗಳ ಘಟಕಗಳ ಬಗ್ಗೆ. ಬೇಸಿಗೆ ಬಂದರೆ ನಮ್ಮ ವಾರ್ಡಿಗೂ ಒಂದು ಘಟಕ ಕೊಡಿ ಎಂಬ ಬೇಡಿಕೆ ಏಳುತ್ತದೆ, ಅನುದಾನ ಬರುತ್ತದೆ, ಟೇಪು ಕತ್ತರಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಇದನ್ನು ಸಮರ್ಥಿಸುವವರ ವಾದ ತಳ್ಳಿಹಾಕುವಂಥದ್ದಲ್ಲ. ಮನೆಗೆ ಬರುವ ನೀರಿನಲ್ಲಿ ಕುಡಿಯುವುದು ಸ್ವಲ್ಪವೇ, ಉಳಿದದ್ದು ಪಾತ್ರೆಗೆ, ಬಟ್ಟೆಗೆ, ಬಚ್ಚಲಿಗೆ. ಅಷ್ಟನ್ನೂ ಕುಡಿಯುವ ಮಟ್ಟಕ್ಕೆ ತರುವುದೇಕೆ ಎನ್ನುತ್ತಾರೆ.

ಅದಕ್ಕೆ ಉತ್ತರ ಚಿತ್ರದುರ್ಗದ ಕವಾಡಿಗರಹಟ್ಟಿ ಬಡಾವಣೆಯಲ್ಲಿದೆ. 2023ರ ಜುಲೈ ಕೊನೆ, ಆಗಸ್ಟ್ ಮೊದಲಲ್ಲಿ ಅಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಹಲವರು ಸತ್ತರು. ನೂರಕ್ಕೂ ಹೆಚ್ಚು ಮಂದಿ ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದರು. ಕುಡಿಯುವ ನೀರು ಬೇರೆ, ನಲ್ಲಿ ನೀರು ಬೇರೆ ಎಂಬ ವಿಂಗಡಣೆ ಕ್ಯಾನಿಗೆ ದಿನಾ ದುಡ್ಡು, ಹೊರಲು ಗಾಡಿ ಇರುವ ಮನೆಗೆ ಸರಿ. ದಿನಕ್ಕೊಂದು ಕ್ಯಾನಿಗೆ 5 ರೂಪಾಯಿ ಎಂದರೂ ವರ್ಷಕ್ಕೆ 1,825 ರೂಪಾಯಿ. ಅದು ಕೈಗೆಟುಕದ ಮನೆಯವರು ನಲ್ಲಿಗೇ ಬಾಯಿ ಒಡ್ಡುತ್ತಾರೆ. ಉಳ್ಳವರು ಕ್ಯಾನಿಗೆ ಹೋದ ಮೇಲೆ ನಲ್ಲಿ ನೀರಿನ ಬಗ್ಗೆ ಗಲಾಟೆ ಮಾಡುವವರೂ ಉಳಿಯುವುದಿಲ್ಲ.

ಪಟ್ಟಣದ ರೋಗಕ್ಕೆ ಆರ್‌ಒ ಮದ್ದೂ ಅಲ್ಲ. ಜಲಾಶಯದ ನೀರಿಗೆ ಬೇಕಾದದ್ದು ಸರಿಯಾದ ಶೋಧನೆ, ಕ್ಲೋರಿನ್, ಚರಂಡಿಯಿಂದ ದೂರವಿರುವ ಸೋರದ ಪೈಪು. ಕ್ಲೋರಿನ್ ಇದೆಯೇ ಎಂದು ನೋಡಲು ದೊಡ್ಡ ಪ್ರಯೋಗಾಲಯವೂ ಬೇಡ. ಮನೆಯ ನಲ್ಲಿಯ ನೀರನ್ನು ಪುಟ್ಟ ಕೊಳವೆಗೆ ಹಿಡಿದು ಪರೀಕ್ಷೆಯ ದ್ರಾವಣದ ಕೆಲವು ಹನಿ ಬಿಟ್ಟರೆ, ಕ್ಲೋರಿನ್ ಇದ್ದಾಗ ನೀರು ಹಳದಿಗೆ ತಿರುಗುತ್ತದೆ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಬಣ್ಣವೇ ಬಾರದಿದ್ದರೆ ಆ ಬೀದಿಗೆ ಅಪಾಯ ಕಾದಿದೆ ಎಂದೇ ಅರ್ಥ. ಇತ್ತ ಆರ್‌ಒ ಯಂತ್ರ ಒಂದು ಕ್ಯಾನ್ ನೀರು ಕೊಡಲು ಹೆಚ್ಚುಕಡಿಮೆ ಅಷ್ಟೇ ನೀರನ್ನು, ಎಷ್ಟೋ ಸಲ ಅದಕ್ಕಿಂತ ಹೆಚ್ಚನ್ನು ಚರಂಡಿಗೆ ಬಿಡುತ್ತದೆ. ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ಬರದ ನಾಡೆಂದು ಹೆಸರಾದ ಜಿಲ್ಲೆ ಇಷ್ಟು ನೀರನ್ನು ಮೋರಿಗೆ ಬಿಡುವುದು ಮಹಾ ತಪ್ಪು.

ಘಟಕದ ನೀರೂ ತಾನಾಗಿಯೇ ಶುದ್ಧವಲ್ಲ. ನೀರು ಸೋಸುವ ಒಳಗಿನ ಮೆಂಬ್ರೇನ್ ಸವೆದರೆ ಲವಣ, ಫ್ಲೋರೈಡ್ ದಾಟಿ ಬರುತ್ತವೆ, ನಾಲಿಗೆಗೆ ಗೊತ್ತಾಗುವುದಿಲ್ಲ. ಸಂಗ್ರಹ ಟ್ಯಾಂಕ್ ತೊಳೆಯದಿದ್ದರೆ ಶುದ್ಧವಾದ ನೀರೇ ಮತ್ತೆ ಕೆಡುತ್ತದೆ. ಮೆಂಬ್ರೇನ್ ಯಾವತ್ತು ಬದಲಾಯಿತು, ನೀರು ಯಾವತ್ತು ಪರೀಕ್ಷೆಯಾಯಿತು ಎಂದು ಗೋಡೆಯ ಮೇಲೆ ಬರೆದಿಡುವುದು ಅರ್ಧ ಗಂಟೆಯ ಕೆಲಸ. ಉದ್ಘಾಟಿಸಿದವರ ಹೆಸರು ಕಲ್ಲಿನಲ್ಲಿ ಕೆತ್ತಿಸಲು ಸಿಗುವ ಶ್ರದ್ಧೆ ಇದಕ್ಕೂ ಸಿಗಬೇಕು.

ಹಾಗಾಗಿ ನಾಲ್ಕೂ ಊರುಗಳ ನಗರಾಡಳಿತ, ಜಲಾಶಯದ ನೀರು ತಲುಪುವ ವಾರ್ಡುಗಳಲ್ಲಿ ಹೊಸ ಘಟಕ ಕಟ್ಟುವುದನ್ನು ನಿಲ್ಲಿಸಲಿ. ಆ ದುಡ್ಡು ಹಳೆಯ ಪೈಪು ಬದಲಿಸಲು ಹೋಗಲಿ, ಮೊದಲ ಸರದಿ ಕವಾಡಿಗರಹಟ್ಟಿಯಂಥ ಬಡಾವಣೆಗಳದ್ದಾಗಲಿ. ಈಗಿರುವ ಘಟಕಗಳ ಹೊಣೆಯನ್ನು ಗುತ್ತಿಗೆದಾರರ ಮೇಲೆ ಹಾಕಿ ಕೈತೊಳೆದುಕೊಳ್ಳದೆ ತಾನೇ ಹೊರಲಿ, ನಾಣ್ಯದ ಜೊತೆಗೆ ಕ್ಯೂಆರ್ ಕೋಡನ್ನೂ ಇಡಲಿ. ಓದುಗರೂ ಒಂದು ಕೆಲಸ ಮಾಡಬೇಕು: ಮುಂದಿನ ಬಾರಿ ವಾರ್ಡಿನ ಸದಸ್ಯರು ಸಿಕ್ಕಾಗ ಇನ್ನೊಂದು ಘಟಕ ಕೇಳಬೇಡಿ, ನಿಮ್ಮ ಬೀದಿಯ ನಲ್ಲಿ ನೀರಿನ ಕಳೆದ ತಿಂಗಳ ಪರೀಕ್ಷಾ ವರದಿ ಕೇಳಿ.