ನಲ್ಲಿಯ ಲೆಕ್ಕ

ನನ್ನ ತಂಗಿಯ ಮನೆಯ ಶೋಕೇಸಿನಲ್ಲಿ ಚನ್ನಪಟ್ಟಣದ ಗೊಂಬೆಗಳ ಪಕ್ಕ ಒಂದು ಪಿಸ್ಟನ್ ಕೂತಿದೆ. ನೆತ್ತಿಯಲ್ಲಿ ಎರಡು ರೂಪಾಯಿ ನಾಣ್ಯ ತೂರುವಷ್ಟು ತೂತು. ಅವಳ ಮಗನ ಹಯಾಬುಸಾ ಬೈಕಿನದು. 1,340 ಸಿಸಿಯ ಆ ಗಾಡಿಗೆ ಕಾರ್ಖಾನೆಯಿಂದ ಬರುವಾಗಲೇ 190ಕ್ಕೂ ಮೇಲೆ ಅಶ್ವಶಕ್ತಿ. ಹುಡುಗನಿಗೆ ಸಾಲಲಿಲ್ಲ. ಬೆಂಗಳೂರಿನ ಗ್ಯಾರೇಜೊಂದರವರು ಟರ್ಬೊ ಕೂರಿಸಿ, "ಲ್ಯಾಪ್‌ಟಾಪಿನಲ್ಲಿ ಹೊಸ ಮ್ಯಾಪ್ ಬರೆದುಕೊಡ್ತೀವಿ, ಮುನ್ನೂರು ದಾಟುತ್ತೆ" ಎಂದರು. ಇಂಜೆಕ್ಟರುಗಳು ಮಾತ್ರ ಹಳೆಯವೇ. ತಂಗಿ ಎರಡು ಬಳೆ ಬ್ಯಾಂಕಿನಲ್ಲಿಟ್ಟು ಹಣ ಕೊಟ್ಟಳು. "ಅಷ್ಟು ಪೆಟ್ರೋಲು ಒಳಗೆ ಹೋಗುತ್ತೇನೋ?" ಎಂದು ನಾನು ಕೇಳಿದ್ದಕ್ಕೆ ಬಂದ ಉತ್ತರ: "ದೊಡ್ಡಮ್ಮ, ನಿಮಗೆ ಅದೆಲ್ಲ ಅರ್ಥವಾಗೋಲ್ಲ."

ತೊಟ್ಟಿ-ನಲ್ಲಿ ಲೆಕ್ಕಗಳನ್ನು ವರ್ಷಗಟ್ಟಲೆ ಮಕ್ಕಳಿಂದ ಮಾಡಿಸಿದವಳಿಗೆ ಅರ್ಥವಾಗದ್ದು ಇದರಲ್ಲಿ ಏನಿದೆ ಸ್ವಾಮಿ?

ಇಂಜೆಕ್ಟರ್ ಎಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಪುಟ್ಟ ನಲ್ಲಿ. ಎಂಜಿನ್ ಎರಡು ಸುತ್ತು ತಿರುಗುವುದರೊಳಗೆ ಆ ಸರದಿಯ ಪೆಟ್ರೋಲನ್ನೆಲ್ಲ ಅದು ಸುರಿದು ಮುಗಿಸಬೇಕು. ನಿಮಿಷಕ್ಕೆ 5,000 ಸುತ್ತಿನಲ್ಲಿ ಅದಕ್ಕೆ ಸಿಗುವ ಕಾಲ 24 ಮಿಲಿಸೆಕೆಂಡು. 10,000 ಸುತ್ತಿಗೆ ಹೋದರೆ ಬರೀ 12. ನಮ್ಮ ಬೀದಿ ನೀರಿನ ಹಾಗೆಯೇ: ಬಿಂದಿಗೆ ದೊಡ್ಡದಾಯಿತು, ನೀರು ಬಿಡುವ ಹೊತ್ತು ಅರ್ಧವಾಯಿತು. ಆ ಹೊತ್ತಿನ ನೂರಕ್ಕೆ 85 ಪಾಲು ನಲ್ಲಿ ತೆರೆದಿದ್ದರೆ ಅದೇ ಸುರಕ್ಷಿತ ಮಿತಿ ಎನ್ನುತ್ತಾರೆ ಬಲ್ಲವರು. ಅದನ್ನು ಮೀರಿದರೆ ನಲ್ಲಿಗೆ ಸರಿಯಾಗಿ ಮುಚ್ಚಿ ತೆರೆಯಲು ಪುರಸೊತ್ತಿಲ್ಲ. ಪೂರ್ತಿ ತೆರೆದೇ ಇದ್ದರಂತೂ ಲ್ಯಾಪ್‌ಟಾಪು ಏನು ಬರೆದರೂ ಒಂದು ತೊಟ್ಟು ಹೆಚ್ಚು ಬೀಳುವುದಿಲ್ಲ.

ಲೆಕ್ಕ ನೀವೇ ಮಾಡಿ ನೋಡಿ. ಟರ್ಬೊ ಎಂಜಿನ್ನಿನಲ್ಲಿ ಒಂದು ಕುದುರೆಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲು ಮೇವು. 300 ಕುದುರೆಗೆ 81 ಕಿಲೊ. ನಾಲ್ಕು ಸಿಲಿಂಡರಿಗೆ ಹಂಚಿದರೆ ಒಂದೊಂದಕ್ಕೂ ನಿಮಿಷಕ್ಕೆ 450 ಸಿಸಿಗೂ ಮೇಲೆ. ಟರ್ಬೊ ಇಲ್ಲದ ಮೂಲ ಗಾಡಿಗೆ 250ರ ಆಸುಪಾಸು ಸಾಕು. ಉಳಿದ 200 ಸಿಸಿ ಎಲ್ಲಿಂದ ಬರಬೇಕು, ಮ್ಯಾಪಿನಿಂದಲೇ?

ಪಂಪಿನ ಒತ್ತಡ ಹೆಚ್ಚಿಸುತ್ತೇವೆ ಎಂಬುದು ಇನ್ನೊಂದು ಮಾತು. ಒತ್ತಡ ಎರಡು ಪಟ್ಟಾದರೆ ಹರಿವು ಎರಡು ಪಟ್ಟಾಗುವುದಿಲ್ಲ, 1.4 ಪಟ್ಟಾದೀತು, ಅಷ್ಟೇ. ಹರಿವು ಎರಡು ಪಟ್ಟಾಗಲು ಒತ್ತಡ ನಾಲ್ಕು ಪಟ್ಟು ಬೇಕು. ಅಷ್ಟರಲ್ಲಿ ಪಂಪು ಕೈಚೆಲ್ಲಿರುತ್ತದೆ.

ಪೆಟ್ರೋಲು ಕಡಿಮೆ ಬಿದ್ದರೆ ಗಾಡಿ ಸುಮ್ಮನೆ ನಿಂತುಬಿಡುತ್ತದೆ ಎಂದು ತಿಳಿಯಬೇಡಿ. ಟರ್ಬೊ ಗಾಳಿ ತುಂಬುತ್ತಲೇ ಇರುತ್ತದೆ, ತಣಿಸಬೇಕಾದ ಪೆಟ್ರೋಲು ಇಲ್ಲ. ಬೆಂಕಿ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಪಿಸ್ಟನ್ನನ್ನು ಬಡಿಯುತ್ತದೆ. ಅಲ್ಯೂಮಿನಿಯಂ ಕರಗಲು 660 ಡಿಗ್ರಿ ಸಾಕು. ಇದು ಆಗುವುದು ಮನೆ ಮುಂದೆ ನಿಲ್ಲಿಸಿದಾಗ ಅಲ್ಲ, ಹೆದ್ದಾರಿಯಲ್ಲಿ ಕಿವಿ ಹಿಂಡಿದಾಗ. ಆ ಹೊತ್ತಿಗೆ ಹಿಂದಿನ ಚಕ್ರ ಬಿಗಿದುಕೊಂಡರೆ ಏನಾಗುತ್ತದೆಂದು ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. ನಮ್ಮ ಹುಡುಗ ಕ್ಲಚ್ ಹಿಡಿದ, ಬದುಕಿದ.

ವೇಗದ ಮೇಲೆ ನನಗೆ ಹಗೆಯಿಲ್ಲ (ನಮ್ಮ ಯಜಮಾನರ ಯೆಜ್ಡಿಯ ಹಿಂದೆ ಕೂತು ಘಾಟಿ ಇಳಿದವಳೇ ನಾನೂ). ದೊಡ್ಡ ಇಂಜೆಕ್ಟರ್, ತಕ್ಕ ಪಂಪು ಹಾಕಿಯೇ ಹೊರದೇಶಗಳಲ್ಲಿ ಇಂಥ ಗಾಡಿ ಓಡಿಸುವವರಿದ್ದಾರೆ. ದೊಡ್ಡದು ಹಾಕಿದರೆ ನಿಂತಲ್ಲಿ ಎಂಜಿನ್ ಕೆಮ್ಮುತ್ತದೆ, ಅದನ್ನು ಸರಿಪಡಿಸಲು ಮ್ಯಾಪ್ ಬೇಕು. ಲ್ಯಾಪ್‌ಟಾಪಿಗೆ ಕೆಲಸ ಇರುವುದು ಅಲ್ಲಿ. ನಲ್ಲಿ ಬದಲಿಸದೆ, ಹರಿವು ಅಳೆಯದೆ ಬರೀ ಅಂಕಿ ತಿದ್ದಿ ಹಣ ಎಣಿಸಿಕೊಳ್ಳುವುದನ್ನು ನಮ್ಮೂರಲ್ಲಿ ಮೋಸ ಎನ್ನುತ್ತೇವೆ. ಬಳೆ ಬಿಚ್ಚಿಕೊಡುವಾಗ ಒಂದು ಪ್ರಶ್ನೆ ಕೇಳದ ನನ್ನ ತಂಗಿಯನ್ನೂ ನಾನು ಬಿಡುವುದಿಲ್ಲ. ಸೀರೆ ಅಂಗಡಿಯಲ್ಲಿ ಜರಿ ಉಜ್ಜಿ ನೋಡುವವಳು ಅವಳು!

ಪಿಸ್ಟನ್ ಕರಗಿದ ಮೇಲೆ ನಾನೂ ಗ್ಯಾರೇಜಿಗೆ ಹೋಗಿದ್ದೆ. "ಪೆಟ್ರೋಲು ಕಲಬೆರಕೆ ಮೇಡಂ" ಎಂದ ಆತ. "ನಿಮ್ಮ ಇಂಜೆಕ್ಟರ್ ನಿಮಿಷಕ್ಕೆ ಎಷ್ಟು ಸಿಸಿ?" ಎಂದೆ. ಆತ ನನ್ನ ಮುಖ ನೋಡಲಿಲ್ಲ, ಹುಡುಗನ ಮುಖ ನೋಡಿದ. ಹುಡುಗ ನೆಲ ನೋಡಿದ. ಬಳೆಗಳು ಇನ್ನೂ ಬ್ಯಾಂಕಿನಲ್ಲೇ ಇವೆ.